ಸ್ಟೀರಾಯ್ಡ್ ಔಷಧಿ: ಗುರುತಿಸುವುದು, ಬಳಸುವುದು, ಇಳಿಸುವುದು

ದಮ್ಮು, ಸಂದುಬಾವು, ಮೈಮೇಲಿನ ಗಂಧೆ, ತುರಿಕೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇವುಗಳಲ್ಲಿ ಒಂದಕ್ಕಾದರೂ ಸ್ಟೀರಾಯ್ಡ್ ಗುಳಿಗೆ ನುಂಗಿದವರು, ಸೂಜಿ ಮಾಡಿಸಿಕೊಂಡವರು, ಮುಲಾಮು ಹಚ್ಚಿಕೊಂಡವರು ಬಹಳ. ತಾವು ತೆಗೆದುಕೊಂಡದ್ದು ಸ್ಟೀರಾಯ್ಡ್ ಎಂದು ತಿಳಿಯದವರೂ ಅಷ್ಟೇ ಬಹಳ. ಈ ಔಷಧಿ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಾನಿಯಾಗುವುದು ಹೆಚ್ಚಾಗಿ ಲೆಕ್ಕ ತಪ್ಪಿದಾಗ. ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಹೇಗೆ ಇಳಿಸಬೇಕು, ಈ ಮೂರೂ ಚೀಟಿಯ ಮೇಲೆ ಬರೆದಿರಬೇಕು. ಬರೆದಿಲ್ಲ ಎಂದರೆ ಕೇಳಿ ಬರೆಸಿಕೊಳ್ಳಿ. ಕೆಳಗೆ ಹೇಳಿರುವ ಎಲ್ಲವೂ ಈ ಮೂರು ಅಂಕಿಗಳ ಸುತ್ತಲೇ ಇದೆ.

ದೇಹದೊಳಗೆ ಇದು ಮಾಡುವ ಕೆಲಸ

ಎರಡೂ ಮೂತ್ರಪಿಂಡಗಳ ಮೇಲ್ಭಾಗದಲ್ಲಿ ಒಂದೊಂದು ಆಡ್ರಿನಲ್ ಗ್ರಂಥಿ ಇದೆ. ದಿನವೂ ಕಾರ್ಟಿಸೋಲ್ ಎಂಬ ಹಾರ್ಮೋನು ತಯಾರಿಸುವುದು ಅದರ ಕೆಲಸ. ಬೆಳಗಿನ ಜಾವ ಹೆಚ್ಚು, ರಾತ್ರಿ ಕಡಿಮೆ. ರಕ್ತದೊತ್ತಡ, ಸಕ್ಕರೆ ಎರಡನ್ನೂ ಅದು ಹಿಡಿದಿಡುತ್ತದೆ, ಕಾಯಿಲೆ ಬಂದಾಗ ದೇಹ ಕುಸಿಯದಂತೆ ನೋಡಿಕೊಳ್ಳುತ್ತದೆ. ಸ್ಟೀರಾಯ್ಡ್ ಔಷಧಿಗಳು ಈ ಕಾರ್ಟಿಸೋಲನ್ನು ಹೋಲುವಂಥವು; ಅವುಗಳಲ್ಲಿ ಗುಳಿಗೆಯಾಗಿ ಹೆಚ್ಚು ಬಳಕೆಯದ್ದು ಪ್ರೆಡ್ನಿಸೊಲೋನ್. ಗ್ರಂಥಿ ದಿನಕ್ಕೆ ತಯಾರಿಸುವಷ್ಟು ಕಾರ್ಟಿಸೋಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಈ 5 ಎಂಬ ಅಂಕಿ ನೆನಪಿರಲಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಈ ಬಗೆಯ ಮೊದಲ ಔಷಧಿಯಾದ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕೊಟ್ಟರು. 1950ರಲ್ಲಿ ಅವರಿಗೆ, ಈ ಹಾರ್ಮೋನುಗಳ ಮೇಲೆ ಸಂಶೋಧನೆ ಮಾಡಿದ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಹಾಸಿಗೆ ಹಿಡಿದವರು ಎದ್ದು ನಡೆದದ್ದೂ, ತಿಂಗಳುಗಟ್ಟಲೆ ಕೊಟ್ಟಾಗ ಮುಖ ಊದಿ ಎಲುಬು ಸವೆದದ್ದೂ ಆ ಮೊದಲ ವರ್ಷಗಳಲ್ಲೇ ಕಂಡಿತು. ಅಂದಿನಿಂದ ಹೊಸ ಹೊಸ ಸ್ಟೀರಾಯ್ಡ್‌ಗಳು ಬಂದಿವೆ, ಈ ಎರಡು ಗುಣ ಬೇರ್ಪಟ್ಟಿಲ್ಲ.

ಸ್ಟೀರಾಯ್ಡ್ ಉರಿಯೂತವನ್ನು, ಅಂದರೆ ಕೆಂಪು, ಬಾವು, ಬಿಸಿ, ನೋವನ್ನು ಅದುಮುತ್ತದೆ. ರೋಗಾಣುವನ್ನು ಕೊಲ್ಲುವುದಿಲ್ಲ, ರೋಗದ ಮೂಲವನ್ನು ತೆಗೆಯುವುದಿಲ್ಲ. ದಮ್ಮಿನ ಉಲ್ಬಣ, ಆಮವಾತ, ಲೂಪಸ್ (ದೇಹದ ರಕ್ಷಣಾ ಶಕ್ತಿ ತನ್ನ ದೇಹದ ಮೇಲೇ ಎರಗುವ ರೋಗ), ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಬಾಯುವ ರೋಗ), ತೀವ್ರ ಅಲರ್ಜಿ, ಎಕ್ಸಿಮಾ ಎಂಬ ಚರ್ಮದ ತುರಿಕೆ, ಕೆಲವು ಕಣ್ಣಿನ ಉರಿಯೂತಗಳಲ್ಲಿ ಇದು ಸರಿಯಾದ ಔಷಧಿ. ಬರೀ ಜ್ವರ, ನೆಗಡಿ, ಮೈಕೈ ನೋವು, ಸುಸ್ತು, ಹಸಿವಿಲ್ಲದ್ದು, ತೂಕ ಏರದ್ದು, ಇವಕ್ಕೆ ಇದು ಔಷಧಿಯೇ ಅಲ್ಲ. ನಮ್ಮ ಭಾಗದ ಫ್ಲೋರೈಡ್ ನೀರಿನ ಊರುಗಳಲ್ಲಿ ಬೆನ್ನು, ಸಂದು ಬಿಗಿಯುವ ತೊಂದರೆ ಎಲುಬಿನೊಳಗೆ ಫ್ಲೋರೈಡ್ ಸೇರಿದ್ದರಿಂದ ಬಂದದ್ದು. ಸ್ಟೀರಾಯ್ಡ್ ಸೂಜಿ ಅದನ್ನು ಗುಣಪಡಿಸುವುದಿಲ್ಲ, ಮೊದಲೇ ಕೆಟ್ಟ ಎಲುಬನ್ನು ಇನ್ನಷ್ಟು ಕೆಡಿಸುತ್ತದೆ. ಚೇಳು ಕಡಿತಕ್ಕೂ ಇದರಿಂದ ಲಾಭವಿಲ್ಲ. ಕೆಂಪು ಚೇಳಿನ ವಿಷ ಏರಿದವರಿಗೆ ಬೇಕಾದದ್ದು ಪ್ರಾಜೋಸಿನ್ ಗುಳಿಗೆ ಮತ್ತು ವಿಷಹಾರಿ ಸೂಜಿ.

ಜೇನುಹುಳ ಕಚ್ಚಿದ ಮೇಲೋ ಯಾವುದೋ ಔಷಧಿ ಒಗ್ಗದೆಯೋ ಮೈಯೆಲ್ಲಾ ಗಂಧೆ ಎದ್ದು, ಗಂಟಲು ಕಟ್ಟಿ, ಉಸಿರು ಸಿಗದೆ, ತಲೆ ತಿರುಗಿ ಬಿದ್ದರೆ ಮೊದಲ ಔಷಧಿ ಆಡ್ರಿನಲಿನ್. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಸ್ಟೀರಾಯ್ಡ್ ಸೂಜಿ ಕೆಲಸ ಶುರು ಮಾಡಲು ತಾಸುಗಟ್ಟಲೆ ಬೇಕು; ಅದನ್ನು ನಂಬಿ ಕೂತರೆ ಹೊತ್ತು ಮೀರುತ್ತದೆ. 108ಕ್ಕೆ ಫೋನ್ ಮಾಡಿ, ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಒರಗಿಸಿ ಕೂರಿಸಿ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಸ್ಟೀರಾಯ್ಡೇ ಎಂದು ಗುರುತಿಸುವುದು

ಪೊಟ್ಟಣದ ಮೇಲೆ ದೊಡ್ಡದಾಗಿ ಕಾಣುವ ಕಂಪನಿ ಹೆಸರನ್ನಲ್ಲ, ಒಳಗಿನ ಔಷಧಿಯ ಹೆಸರನ್ನು ಓದಿ. ಪ್ರೆಡ್ನಿಸೊಲೋನ್, ಮಿಥೈಲ್‌ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಹೈಡ್ರೊಕಾರ್ಟಿಸೋನ್: ಹೆಸರಿನ ಕೊನೆಗೆ "ಸೋನ್" ಅಥವಾ "ಸೊಲೋನ್" ಬಂದರೆ ಸ್ಟೀರಾಯ್ಡ್ ಆಗಿರುವ ಸಾಧ್ಯತೆ ಹೆಚ್ಚು. ಡೆಫ್ಲಜಾಕಾರ್ಟ್, ಬುಡೆಸೊನೈಡ್, ಕ್ಲೋಬೆಟಸಾಲ್ ಈ ಗುರುತಿಗೆ ಸಿಗುವುದಿಲ್ಲ, ಅವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಅಂಗಡಿಗಳಲ್ಲಿ ಹೆಚ್ಚು ಕಾಣುವ ಹೆಸರುಗಳು: ವೈಸೊಲೋನ್, ಓಮ್ನಾಕಾರ್ಟಿಲ್ (ಪ್ರೆಡ್ನಿಸೊಲೋನ್), ಮೆಡ್ರಾಲ್ (ಮಿಥೈಲ್‌ಪ್ರೆಡ್ನಿಸೊಲೋನ್), ಡೆಕ್ಸೋನಾ (ಡೆಕ್ಸಾಮೆಥಾಸೋನ್), ಬೆಟ್ನೆಸಾಲ್ (ಬೀಟಾಮೆಥಾಸೋನ್).

ಅಕ್ಷರ ಓದಲು ಬಾರದಿದ್ದರೆ ಮೆಡಿಕಲ್ ಶಾಪಿನವರನ್ನು ನೇರವಾಗಿ ಕೇಳಿ: "ಅಣ್ಣಾ, ಇದರಾಗ ಸ್ಟೀರಾಯ್ಡ್ ಐತೇನು? ಎಷ್ಟು ಮಿಲಿಗ್ರಾಂ ಐತಿ?" ಈ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು. ಇವೆಲ್ಲ ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧಿಗಳು. 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನೂ ಕೇಂದ್ರ ಸರ್ಕಾರ ಆ ಪಟ್ಟಿಗೆ ಸೇರಿಸಿತು.

ಹೆಸರೇ ಇಲ್ಲದ ಔಷಧಿ ಎಲ್ಲಕ್ಕಿಂತ ಅಪಾಯದ್ದು. ಕಾಗದದಲ್ಲಿ ಕಟ್ಟಿಕೊಡುವ ಬಣ್ಣದ ಬಿಡಿ ಗುಳಿಗೆಗಳು, ಸಂದುನೋವಿಗೂ ದಮ್ಮಿಗೂ "ನಾಟಿ" ಎಂದು ಸಂತೆಯಲ್ಲಿ ಮಾರುವ ಪುಡಿ, "ದಪ್ಪ ಆಗುವ" ಗುಳಿಗೆ. ಪುಡಿ ತಿಂದ ಮರುದಿನವೇ ಎಷ್ಟೋ ವರ್ಷದ ನೋವು ಮಾಯವಾಗಿ, ಹಸಿವು ಹೆಚ್ಚಿ, ಬಿಟ್ಟ ನಾಲ್ಕು ದಿನಕ್ಕೆ ನೋವು ಮೊದಲಿಗಿಂತ ಜೋರಾಗಿ ಬಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದೇ ಅನುಮಾನಿಸಿ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡಬೇಡಿ. ಪೊಟ್ಟಣದ ಸಮೇತ ಸರ್ಕಾರಿ ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದಿಡಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಅವರಿಗೆ ನಿಮ್ಮ ಗ್ರಂಥಿಯ ಸ್ಥಿತಿ ತಿಳಿಯುವ ದಾರಿಯೇ ಇರುವುದಿಲ್ಲ.

ಶುರು ಮಾಡುವ ಮುನ್ನ

ಮೂರರಿಂದ ಏಳು ದಿನದ ಕೋರ್ಸಿಗೆ ದೊಡ್ಡ ತಪಾಸಣೆ ಬೇಡ. ಶುಗರ್, ಬಿಪಿ, ಹೊಟ್ಟೆಹುಣ್ಣು, ಗ್ಲಾಕೋಮಾ (ಕಣ್ಣೊಳಗಿನ ಒತ್ತಡದ ಕಾಯಿಲೆ), ಹಿಂದೆ ಆದ ಟಿಬಿ, ಮಾನಸಿಕ ಕಾಯಿಲೆ, ಗರ್ಭ, ಇವುಗಳಲ್ಲಿ ಏನಿದ್ದರೂ ಹೇಳಿದರೆ ಸಾಕು. ಮೂರು ವಾರ ಮೀರುವ ಚಿಕಿತ್ಸೆ ಎಂದಾದರೆ ತೂಕ, ಬಿಪಿ, ಶುಗರ್, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಪರೀಕ್ಷೆ ಮೊದಲೇ ಆಗಬೇಕು.

ಎಕ್ಸ್‌ರೇ ಬಗ್ಗೆ ಒತ್ತಿ ಹೇಳಬೇಕು. ಗಣಿ, ಕ್ರಷರ್, ಸ್ಪಾಂಜ್ ಐರನ್ ಘಟಕಗಳಲ್ಲಿ ದುಡಿದವರ ಕೆಮ್ಮೆಲ್ಲ ದಮ್ಮಲ್ಲ. ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್‌ಗೆ ಸ್ಟೀರಾಯ್ಡ್ ಮದ್ದಲ್ಲ, ಮತ್ತು ಆ ಶ್ವಾಸಕೋಶದಲ್ಲಿ ಟಿಬಿ ಬೇಗ ಕೂರುತ್ತದೆ. ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಒಂದು ತಿಂಗಳು ಮೀರಿದರೆ ಒಳಗೆ ಮಲಗಿದ್ದ ಟಿಬಿ ಏಳುವ ಭಯ ಹೆಚ್ಚು. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಮೊದಲು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಟಿಬಿ ಔಷಧಿ ಈಗಾಗಲೇ ನಡೆದಿದ್ದರೆ ಅದನ್ನೂ ಹೇಳಿ. ರಿಫಾಂಪಿಸಿನ್ ಸ್ಟೀರಾಯ್ಡನ್ನು ಯಕೃತ್ತಿನಲ್ಲಿ ಬೇಗ ಕರಗಿಸುವುದರಿಂದ ಪ್ರಮಾಣ ಸಾಲದೆ ಹೋಗುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹಾಗೆಯೇ. ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಇದಕ್ಕೆ ಉಲ್ಟಾ: ಸ್ಟೀರಾಯ್ಡ್ ಮೈಯಲ್ಲಿ ಉಳಿಯುವಂತೆ ಮಾಡುತ್ತದೆ.

ಕಾಲುವೆ ಕೆಳಗಿನ ಗದ್ದೆಯ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವರು ಇನ್ನೊಂದು ಮಾತು ಕೇಳಿ. ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳ ಪಾದದ ಚರ್ಮದಿಂದ ಒಳಸೇರಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಬಿದ್ದಾಗ ಅದು ಮೈತುಂಬ ಹರಡಿ ಪ್ರಾಣಕ್ಕೇ ಬರುತ್ತದೆ. ವೈದ್ಯರಿಗೆ ನಿಮ್ಮ ಕೆಲಸ ಏನೆಂದು ಹೇಳಿದರೆ ಮಲ ಪರೀಕ್ಷೆ ಅಥವಾ ಹುಳ ಕೊಲ್ಲುವ ಐವರ್ಮೆಕ್ಟಿನ್ ಗುಳಿಗೆ ಬಗ್ಗೆ ಅವರು ನಿರ್ಧರಿಸುತ್ತಾರೆ.

ಗುಳಿಗೆ: ಹೊತ್ತು, ಊಟ, ಪ್ರಮಾಣ

ದಿನಕ್ಕೊಂದು ಹೊತ್ತು ಎಂದಿದ್ದರೆ ಬೆಳಿಗ್ಗೆ ಎಂಟರ ಸುಮಾರಿಗೆ, ನಾಷ್ಟಾ ಆದ ಮೇಲೆ. ದೇಹದ ಸ್ವಂತ ಕಾರ್ಟಿಸೋಲ್ ಹೆಚ್ಚಿರುವ ಹೊತ್ತೂ ಅದೇ, ಹಾಗಾಗಿ ಗ್ರಂಥಿಗೆ ಪೆಟ್ಟು ಕಡಿಮೆ. ಸಂಜೆ ನುಂಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಮರೆತಿದ್ದರೆ ಅದೇ ದಿನ ನೆನಪಾದಾಗ ನುಂಗಿ. ಮರುದಿನ ನೆನಪಾದರೆ ಆ ದಿನದ್ದು ಮಾತ್ರ, ಎರಡು ಸೇರಿಸಿ ಬೇಡ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಿ.

ಹೊಟ್ಟೆಗೆ ಹುಣ್ಣು ಬೀಳುವುದು ಬರೀ ಸ್ಟೀರಾಯ್ಡ್‌ನಿಂದ ಕಡಿಮೆ. ಅದರ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಸೇರಿದಾಗ ಭಯ ಬಹಳ ಹೆಚ್ಚುತ್ತದೆ. ಸಂದುನೋವಿನವರು ಈ ಎರಡನ್ನೂ ಒಟ್ಟಿಗೆ ನುಂಗುತ್ತಿರುತ್ತಾರೆ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆಯೇ ಎಂದು ಕೇಳಿ; ಎರಡೂ ಬೇಕೇ ಬೇಕಾದರೆ ಹೊಟ್ಟೆ ಕಾಯುವ ಗುಳಿಗೆ ಸೇರಿಸಬೇಕಾಗುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆ.

ಪ್ರಮಾಣದ ಒಂದು ಅಂದಾಜು. ದಮ್ಮು ಉಲ್ಬಣಿಸಿದಾಗ ದೊಡ್ಡವರಿಗೆ ಪ್ರೆಡ್ನಿಸೊಲೋನ್ ದಿನಕ್ಕೆ 40ರಿಂದ 50 ಮಿಲಿಗ್ರಾಂ, 5ರಿಂದ 7 ದಿನ. ಮಕ್ಕಳಿಗೆ ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ, ಎಷ್ಟಾದರೂ 40 ಮೀರದಂತೆ, 3ರಿಂದ 5 ದಿನ. ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಲೆಕ್ಕವೇ ಬೇರೆ: ಮೊದಲ ಬಾರಿಗೆ ಕಿಲೋಗೆ 2 ಮಿಲಿಗ್ರಾಂ (60 ಮೀರದಂತೆ) ದಿನವೂ ಆರು ವಾರ, ಆಮೇಲೆ 1.5 ಮಿಲಿಗ್ರಾಂ (40 ಮೀರದಂತೆ) ದಿನ ಬಿಟ್ಟು ದಿನ ಆರು ವಾರ. ಬಾವು ಇಳಿಯಿತೆಂದು ಮಧ್ಯೆ ನಿಲ್ಲಿಸಿದರೆ ಮಗುವಿಗೆ ಮತ್ತೆ ಬಾವು ಬರುತ್ತದೆ.

ಅಂಗಡಿಯಲ್ಲಿ "ಅದಿಲ್ಲ, ಇದು ಅದೇ" ಎಂದು ಬೇರೆ ಸ್ಟೀರಾಯ್ಡ್ ಕೊಟ್ಟಾಗ ಎಡವಟ್ಟು ಆಗುತ್ತದೆ. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂಗೆ ಸಮವಾದದ್ದು ಡೆಫ್ಲಜಾಕಾರ್ಟ್ 6, ಮಿಥೈಲ್‌ಪ್ರೆಡ್ನಿಸೊಲೋನ್ 4, ಹೈಡ್ರೊಕಾರ್ಟಿಸೋನ್ 20, ಡೆಕ್ಸಾಮೆಥಾಸೋನ್ 0.75. ಅಂದರೆ ಮೆಡ್ರಾಲ್ 16 ಎಂದರೆ ಪ್ರೆಡ್ನಿಸೊಲೋನ್ 20ರಷ್ಟು. ಡೆಕ್ಸಾಮೆಥಾಸೋನ್‌ನ ಚಿಕ್ಕ ಅರ್ಧ ಮಿಲಿಗ್ರಾಂ ಗುಳಿಗೆಯನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಥ ಮೂರು ನುಂಗಿದರೆ ಪ್ರೆಡ್ನಿಸೊಲೋನ್ 10 ನುಂಗಿದಂತೆ, ಮತ್ತು ಅದರ ಪರಿಣಾಮ ಒಂದೂವರೆ ದಿನಕ್ಕೂ ಮೀರಿ ಇರುವುದರಿಂದ ಗ್ರಂಥಿಗೆ ಬಿಡುವೇ ಸಿಗುವುದಿಲ್ಲ. ಮಕ್ಕಳ ಸಿರಪ್‌ನಲ್ಲೂ ಇದೇ ಗೊಂದಲ: 5 ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಇರುವ ಬಾಟಲಿಯೂ ಇದೆ, 15 ಮಿಲಿಗ್ರಾಂ ಇರುವ "ಫೋರ್ಟ್" ಬಾಟಲಿಯೂ ಇದೆ. "ಒಂದು ಚಮಚ" ಎಂಬ ಲೆಕ್ಕ ಇಲ್ಲಿ ನಡೆಯದು.

ಊಟದಲ್ಲಿ ಉಪ್ಪು ಇಳಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೆಳಗಿನ ಒಗ್ಗರಣೆ-ಮಿರ್ಚಿ ಬಿಪಿಯನ್ನೂ ಕಾಲುಬಾವನ್ನೂ ಏರಿಸುತ್ತವೆ. ಹಸಿವು ಜೋರಾಗಿ ಬರುತ್ತದೆ, ಅದು ಔಷಧಿಯ ಹಸಿವು. ಜೋಳದ ರೊಟ್ಟಿ ಎಂದಿನಷ್ಟೇ ಇರಲಿ, ಹೊಟ್ಟೆಗೆ ಪಲ್ಯ, ಕಾಳು, ಮಜ್ಜಿಗೆ ಹೆಚ್ಚಲಿ. ಮೂರು ತಿಂಗಳು ಮೀರುವ ಚಿಕಿತ್ಸೆಯಲ್ಲಿ ದಿನಕ್ಕೆ ಊಟದ್ದೂ ಸೇರಿ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಬೇಕು. ಹಾಲು, ಮೊಸರು, ರಾಗಿ, ಎಳ್ಳು ಸಹಾಯಕ್ಕಿವೆ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಶುಗರ್ ಇದ್ದವರು ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಮಾತ್ರ ನೋಡಿ ಸಮಾಧಾನಪಡಬಾರದು. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ರಾತ್ರಿಯವರೆಗೆ ಸಕ್ಕರೆ ಏರಿಸಿ, ಬೆಳಗಾಗುವಷ್ಟರಲ್ಲಿ ಇಳಿಸಿಬಿಡುತ್ತದೆ. ಮಧ್ಯಾಹ್ನದ ಊಟವಾದ ಎರಡು ತಾಸಿಗೆ ನೋಡಿದಾಗಲೇ ನಿಜ ತಿಳಿಯುತ್ತದೆ. 2020ರಲ್ಲಿ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಗರಿಷ್ಠ ಹತ್ತು ದಿನ, ಜೀವ ಉಳಿಸಿತು. ಅದೇ ಔಷಧಿಯನ್ನು ಆಮ್ಲಜನಕ ಬೇಡದವರಿಗೂ, ಹೆಚ್ಚು ಪ್ರಮಾಣದಲ್ಲಿ, ಸಕ್ಕರೆ ನೋಡದೆ ಕೊಟ್ಟದ್ದು 2021ರ ಕಪ್ಪು ಶಿಲೀಂಧ್ರ ಹಾವಳಿಗೆ ಒಂದು ಮುಖ್ಯ ಕಾರಣವಾಯಿತು.

ದಮ್ಮಿನ ಪಂಪು

ಪಂಪು (ಇನ್‌ಹೇಲರ್) ಹಿಡಿದರೆ ಚಟವಾಗುತ್ತದೆ, ಗುಳಿಗೆಯೇ ವಾಸಿ ಎಂಬ ಮಾತು ಊರೂರಲ್ಲಿದೆ. ಲೆಕ್ಕ ನೋಡಿ: ಬುಡೆಸೊನೈಡ್ 200 ಮೈಕ್ರೊಗ್ರಾಂ ದಿನಕ್ಕೆರಡು ಸಲ ಎಂದರೆ 0.4 ಮಿಲಿಗ್ರಾಂ. ಗುಳಿಗೆಯಲ್ಲಿ ಹೋಗುವುದು 40 ಮಿಲಿಗ್ರಾಂ. ತೂಕದಲ್ಲಿ ನೂರು ಪಟ್ಟು ಅಂತರ, ಮತ್ತು ಪಂಪಿನ ಔಷಧಿ ಬಹುಪಾಲು ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ. ಪಂಪನ್ನು ಕ್ರಮವಾಗಿ ಎಳೆಯುವವರಿಗೆ ಗುಳಿಗೆ, ಸೂಜಿ ಬೇಕಾಗುವ ಸಂದರ್ಭಗಳು ಕಡಿಮೆಯಾಗುತ್ತವೆ. ಗರ್ಭಿಣಿಯರೂ ಇದನ್ನು ಬಿಡಬಾರದು. ದಮ್ಮು ಉಲ್ಬಣಿಸಿ ಆಮ್ಲಜನಕ ಕಡಿಮೆಯಾದರೆ ಮಗುವಿಗೆ ಆಗುವ ಹಾನಿಯೇ ದೊಡ್ಡದು.

ಆಸ್ತಾಲಿನ್ ಪಂಪು ತಕ್ಷಣ ಶ್ವಾಸನಾಳ ಸಡಿಲಿಸುತ್ತದೆ, ಅದರಲ್ಲಿ ಸ್ಟೀರಾಯ್ಡ್ ಇಲ್ಲ. ಬುಡೆಕಾರ್ಟ್, ಫೋರಾಕಾರ್ಟ್ ಮುಂತಾದವುಗಳಲ್ಲಿ ಸ್ಟೀರಾಯ್ಡ್ ಇದೆ; ಉಸಿರು ಸಲೀಸಾಗಿದ್ದ ದಿನವೂ ವೈದ್ಯರು ಹೇಳಿದಂತೆ ಎಳೆಯಬೇಕು. ಆರಾಮಾಯಿತೆಂದು ಇದನ್ನು ಬಿಟ್ಟು ಬರೀ ಆಸ್ತಾಲಿನ್ ಎಳೆಯುತ್ತಾ ಹೋಗುವುದು ದಮ್ಮಿನ ರೋಗಿಗಳು ಮಾಡುವ ಅತಿ ಅಪಾಯದ ತಪ್ಪು.

ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಜೊತೆ ಎಳೆಯುವ ಕ್ರಮ:

1. ಪಂಪಿನ ಮುಚ್ಚಳ ತೆಗೆದು ಐದಾರು ಸಲ ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ವಾರಗಟ್ಟಲೆ ಬಳಸದಿದ್ದರೆ ಮೊದಲು ಎರಡು-ಮೂರು ಸಲ ಗಾಳಿಗೆ ಒತ್ತಿ.
2. ಸ್ಪೇಸರಿಗೆ ಸಿಕ್ಕಿಸಿ. ನೆಟ್ಟಗೆ ಕೂತು ಉಸಿರನ್ನು ಪೂರ್ತಿ ಹೊರಗೆ ಬಿಡಿ.
3. ತುಟಿ ಬಿಗಿಯಾಗಿ ಮುಚ್ಚಿ, ಪಂಪು ಒಂದೇ ಸಲ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದುಕೊಳ್ಳಿ.
4. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಗದ ಮಕ್ಕಳು, ವಯಸ್ಸಾದವರು ಐದಾರು ಸಲ ಸ್ಪೇಸರಿನಲ್ಲೇ ಸಹಜವಾಗಿ ಉಸಿರಾಡಿದರೂ ಆಯಿತು.
5. ಎರಡನೆಯ ಸಲ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ ಒತ್ತಿ.
6. ಬಾಯಿ ಮುಕ್ಕಳಿಸಿ ಉಗುಳಿ. ನುಂಗಬೇಡಿ.

ಕೊನೆಯದನ್ನು ಬಿಟ್ಟವರ ನಾಲಿಗೆಯ ಮೇಲೆ ಬಿಳಿ ಪದರ ಕೂರುತ್ತದೆ, ದನಿ ಒಡೆಯುತ್ತದೆ. ಸ್ಪೇಸರನ್ನು ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಹತ್ತಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. ರೋಟಾಹೇಲರ್‌ನಂಥ ಪುಡಿ ಯಂತ್ರಕ್ಕೆ ಎಳೆಯುವ ರೀತಿ ಬೇರೆ: ಅಲ್ಲಿ ನಿಧಾನ ನಡೆಯದು, ಜೋರಾಗಿ, ಆಳವಾಗಿ ಎಳೆಯಬೇಕು. ಕ್ಯಾಪ್ಸೂಲನ್ನು ನುಂಗಿದರೆ ಕೆಲಸವಿಲ್ಲ.

ಪಂಪು ಖಾಲಿಯಾದದ್ದು ಕುಲುಕಿದರೆ ತಿಳಿಯುವುದಿಲ್ಲ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಬರುತ್ತಿರುತ್ತದೆ. ಎಣಿಕೆಯ ಕಿಂಡಿ ಇಲ್ಲದಿದ್ದರೆ ಲೆಕ್ಕ ಹಾಕಿ: 120 ಸಲದ ಪಂಪು, ದಿನಕ್ಕೆ ನಾಲ್ಕು ಸಲ ಒತ್ತಿದರೆ 30 ದಿನ. ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ.

ಮುಲಾಮು

ಚರ್ಮದ ಸ್ಟೀರಾಯ್ಡ್‌ಗಳ ಬಲ ಒಂದೇ ಅಲ್ಲ. ಹೈಡ್ರೊಕಾರ್ಟಿಸೋನ್ 1% ಸೌಮ್ಯ. ಮೊಮೆಟಾಸೋನ್ 0.1%, ಬೀಟಾಮೆಥಾಸೋನ್ ವ್ಯಾಲರೇಟ್ 0.1% ಬಲವಾದವು. ಕ್ಲೋಬೆಟಸಾಲ್ 0.05% ಅತಿ ಬಲ: ಸತತ ಎರಡು ವಾರ, ವಾರಕ್ಕೆ 50 ಗ್ರಾಂ, ಇದು ದೊಡ್ಡವರಿಗೂ ಮಿತಿ.

ಅಳತೆ ಹೀಗೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಗಲ ಚರ್ಮಕ್ಕೆ ಸಾಕು. ಮುಖ-ಕುತ್ತಿಗೆಗೆ ಇಂಥ ಎರಡೂವರೆ, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು. ಎರಡು ಅಂಗೈಯಷ್ಟು ಜಾಗಕ್ಕೆ ದಿನಕ್ಕೊಮ್ಮೆ ಹಚ್ಚುವವರಿಗೆ 15 ಗ್ರಾಂ ಟ್ಯೂಬು ತಿಂಗಳು ಬರಬೇಕು. ನಾಲ್ಕು ದಿನಕ್ಕೆ ಮುಗಿದರೆ ಹೆಚ್ಚಾಯಿತು. ಆರು ತಿಂಗಳು ಉಳಿದರೆ ಭಯಪಟ್ಟು ಹಚ್ಚುತ್ತಿದ್ದೀರಿ, ಅದರಿಂದಲೂ ರೋಗ ಹತೋಟಿಗೆ ಬಾರದು. ಸ್ನಾನವಾಗಿ ಚರ್ಮ ಇನ್ನೂ ತುಸು ತೇವವಿದ್ದಾಗ ರೋಗವಿದ್ದ ಜಾಗಕ್ಕೆ ಮಾತ್ರ ಹಚ್ಚಿ. ಅರ್ಧ ತಾಸು ಬಿಟ್ಟು ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಬಹುದು. ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಔಷಧಿ ಹಲವು ಪಟ್ಟು ಒಳಗಿಳಿಯುತ್ತದೆ. ಕೂಸಿನ ಪೃಷ್ಠಕ್ಕೆ ಹಚ್ಚಿ ಡೈಪರ್ ಬಿಗಿದರೂ ಅದೇ ಆಗುತ್ತದೆ.

ಈಗ ಗಜಕರ್ಣ. ಬೇಸಿಗೆಯಲ್ಲಿ ಬೆವರಿ ತೊಡೆಸಂದಿನಲ್ಲಿ, ಸೊಂಟದ ಸುತ್ತ ಉಂಗುರದಂತೆ ಏಳುವ ತುರಿಕೆ ಶಿಲೀಂಧ್ರದ್ದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಮಿಶ್ರಣದ ಮುಲಾಮಿನಲ್ಲಿ ಫಂಗಸ್ ಔಷಧಿ, ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಇರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಂತು ಕೆಂಪು ಆರುತ್ತದೆ. ಆದರೆ ತಡೆಯುವ ಶಕ್ತಿಯನ್ನೇ ಅದುಮಿದ್ದರಿಂದ ಶಿಲೀಂಧ್ರ ಅಂಚು ಕಾಣದಂತೆ ಹರಡುತ್ತದೆ. ಬಿಟ್ಟರೆ ತುರಿಕೆ ಉಕ್ಕುತ್ತದೆ, ಮತ್ತೆ ಹಚ್ಚುತ್ತಾರೆ, ಮನೆಮಂದಿಗೆಲ್ಲ ಹತ್ತುತ್ತದೆ, ತೊಡೆಯಲ್ಲಿ ಬಿಳಿ ಸೀಳುಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಅಳಿಯುವುದಿಲ್ಲ. ಗಜಕರ್ಣಕ್ಕೆ ಸ್ಟೀರಾಯ್ಡ್ ಇಲ್ಲದ ಫಂಗಸ್ ಮುಲಾಮು, ಗುಣವಾದಂತೆ ಕಂಡ ಮೇಲೂ ಎರಡು ವಾರ. ಮನೆಯವರಿಗೂ ಒಟ್ಟಿಗೆ ಚಿಕಿತ್ಸೆ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ.

ಮುಖ ಬೆಳ್ಳಗಾಗಲು ಹಚ್ಚುವ ಮೊಮೆಟಾಸೋನ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮಿಶ್ರಣ ಬಂಗು ಎಂಬ ಮುಖದ ಕಂದು ಕಲೆಗೆ ವೈದ್ಯರು ಕೆಲವು ವಾರ ಮಾತ್ರ ಕೊಡುವ ಔಷಧಿ. ದಿನದ ಕ್ರೀಮಿನಂತೆ ಹಚ್ಚಿದ ಹುಡುಗಿಯರ ಮುಖದ ಚರ್ಮ ತೆಳ್ಳಗಾಗಿ, ಮೊಡವೆ ಎದ್ದು, ಕೂದಲು ಬಂದು, ಬಿಟ್ಟ ದಿನದಿಂದ ಬಿಸಿಲು ತಾಗಿದರೆ ಉರಿಯುತ್ತದೆ. ಈ ಹಂತದಲ್ಲಿರುವವರು ಚರ್ಮರೋಗ ವೈದ್ಯರನ್ನು ಕಾಣದೆ ಬೇರೆ ಟ್ಯೂಬು ಬದಲಿಸುತ್ತಾ ಕೂರಬೇಡಿ.

ಕಾಂಗ್ರೆಸ್ ಕಸದ ಅಲರ್ಜಿ ನಮ್ಮ ಹೊಲಗಳ ರೋಗ. ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈ ಒಳಭಾಗ ದಪ್ಪಗಾಗಿ ತುರಿಸುತ್ತದೆ, ಮಳೆಗಾಲದಲ್ಲಿ ಗಿಡ ಹೂ ಬಿಟ್ಟಾಗ ಜೋರು. ಕಸ ಇರುವವರೆಗೆ ಮುಲಾಮಿನಿಂದ ತಾತ್ಕಾಲಿಕ ಆರಾಮ ಅಷ್ಟೇ. ತುಂಬು ತೋಳಿನ ಅಂಗಿ, ಕುತ್ತಿಗೆಗೆ ವಸ್ತ್ರ, ಹೊಲದಿಂದ ಬಂದ ಕೂಡಲೇ ಸ್ನಾನ. ಕಸ ಕೀಳುವ, ಸುಡುವ ಕೆಲಸ ರೋಗಿ ಮಾಡಬಾರದು. ವರ್ಷಗಟ್ಟಲೆ ಸ್ಟೀರಾಯ್ಡ್ ಗುಳಿಗೆ ನುಂಗುವ ಬದಲು ಅಜಾಥಯೋಪ್ರಿನ್‌ನಂಥ ಸ್ಟೀರಾಯ್ಡ್ ಅಲ್ಲದ ಔಷಧಿಯ ದಾರಿ ಇದೆಯೇ ಎಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಕೇಳಿ.

ಕಣ್ಣು, ಮೂಗು, ಸಂದು

ಕಣ್ಣಿನ ಸ್ಟೀರಾಯ್ಡ್ ಹನಿಯನ್ನು ನೇತ್ರವೈದ್ಯರು ನೋಡದೆ ಹಾಕಲೇಬಾರದು. ಭತ್ತದ ಗರಿ, ಹೊಟ್ಟು, ಜೋಳದ ಎಲೆ ಕಣ್ಣಿಗೆ ತಾಗಿ ಕೆಂಪಾದಾಗ ಒಳಗೆ ಶಿಲೀಂಧ್ರದ ಹುಣ್ಣು ಆಗಿರಬಹುದು. ಆ ಕಣ್ಣಿಗೆ ಡೆಕ್ಸಾಮೆಥಾಸೋನ್ ಹನಿ ಬಿದ್ದರೆ ಮೊದಲೆರಡು ದಿನ ಕೆಂಪು ಇಳಿದಂತೆ ಕಂಡು, ಆಮೇಲೆ ಕರಿಗುಡ್ಡೆಯೇ ಕರಗಬಹುದು. ಮನೆಯಲ್ಲಿ ಉಳಿದ ಹಳೆಯ ಬಾಟಲಿ ಚೆಲ್ಲಿಬಿಡಿ.

ಮೂಗಿನ ಸ್ಪ್ರೇ ಹೊಡೆಯುವಾಗ ತಲೆ ತುಸು ಮುಂದಕ್ಕೆ ಬಾಗಿರಲಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು.

ಸಂದಿಗೆ ಸೂಜಿ ಒಂದೇ ಸಂದಿಗೆ ವರ್ಷಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಬೇಡ. ಮಾಡಿಸಿದ ಮೇಲೆ ಕೆಲ ದಿನ ಶುಗರ್ ಏರುತ್ತದೆ. ಜ್ವರದ ಜೊತೆ ಸಂದು ಕೆಂಪಗೆ ಬಿಸಿಯಾದರೆ ಒಳಗೆ ಕೀವು ಕೂಡಿರಬಹುದು, ಕಾಯಬೇಡಿ.

ಇಳಿಸುವುದು

ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಆಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಮೂರು ವಾರದೊಳಗಿನ ಒಂದು ಕೋರ್ಸಾದರೆ ಅದು ಬೇಗ ಚೇತರಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ನೇರವಾಗಿ ನಿಲ್ಲಿಸಬಹುದು. ಮೂರು ವಾರ ಮೀರಿದ್ದರೆ, ಅಥವಾ ವರ್ಷದಲ್ಲಿ ಮತ್ತೆ ಮತ್ತೆ ಚಿಕ್ಕ ಕೋರ್ಸುಗಳಾಗಿದ್ದರೆ, ಹಂತ ಹಂತವಾಗಿ ಇಳಿಯಬೇಕು.

ಇಳಿಯುವ ವೇಗವನ್ನು ರೋಗ ನೋಡಿ ವೈದ್ಯರು ನಿರ್ಧರಿಸುತ್ತಾರೆ. ರೂಢಿಯ ಚಾಲು ಹೀಗಿರುತ್ತದೆ: 40ರಿಂದ 20ರವರೆಗೆ ವಾರಕ್ಕೆ 5ರಿಂದ 10 ಮಿಲಿಗ್ರಾಂ ಕಡಿತ, 20ರಿಂದ 10ರವರೆಗೆ ಒಂದೆರಡು ವಾರಕ್ಕೊಮ್ಮೆ 2.5, ಹತ್ತರ ಕೆಳಗೆ ಎರಡರಿಂದ ನಾಲ್ಕು ವಾರಕ್ಕೆ 1ರಿಂದ 2.5. ಮೇಲಿನ ಮೆಟ್ಟಿಲುಗಳನ್ನು ಬೇಗ ಇಳಿಯಬಹುದು. ಕೆಳಗಿನ ಮೆಟ್ಟಿಲುಗಳಲ್ಲೇ ಜನ ಜಾರುವುದು, ಏಕೆಂದರೆ 5ರ ಕೆಳಗೆ ಬಂದಾಗ ಗ್ರಂಥಿ ತಾನೇ ದುಡಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಮನೆಯೊಳಗೆ ಆ ದಿನದ ಮಿಲಿಗ್ರಾಂ ಮೊದಲೇ ಬರೆದಿಟ್ಟು, ನುಂಗಿದ ಮೇಲೆ ಅಡ್ಡಗೆರೆ ಎಳೆಯಿರಿ. 20, 10, 5ರ ಪಟ್ಟಿಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಬೇರೆ ಬೇರೆ ಡಬ್ಬಿಗೆ ಹಾಕಿ. ಹಳೆಯ ಪಟ್ಟಿಯ 20 ಗುಳಿಗೆಯನ್ನೇ "ಒಂದು ಗುಳಿಗೆ" ಎಂದು ನುಂಗುತ್ತಾ ಹೋದರೆ ಇಳಿದದ್ದು ಏನೂ ಇಲ್ಲ.

ಒಮ್ಮೆಲೇ ಬಿಟ್ಟಾಗ ಕಾಣುವುದು ಇಷ್ಟು: ಎದ್ದು ನಿಂತರೆ ಕಣ್ಣು ಕತ್ತಲೆ, ಕೈಕಾಲು ಸೋಲು, ವಾಕರಿಕೆ, ಹೊಟ್ಟೆನೋವು, ಬಿಪಿ ಕುಸಿತ, ಸಕ್ಕರೆ ಇಳಿತ. ಏಪ್ರಿಲ್-ಮೇ ತಿಂಗಳ ರಾಯಚೂರಿನಲ್ಲಿ ಇದನ್ನು "ಬಿಸಿಲು ಹೊಡೆದದ್ದು" ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಸ್ಟೀರಾಯ್ಡ್ ನುಂಗುತ್ತಿದ್ದವರು ಅಥವಾ ಈ ವರ್ಷದಲ್ಲಿ ಬಿಟ್ಟವರು ಹೀಗೆ ಬಿದ್ದರೆ ಆಸ್ಪತ್ರೆಗೆ ಒಯ್ದು "ಸ್ಟೀರಾಯ್ಡ್ ಬಿಟ್ಟಾರ್ರೀ" ಎಂಬ ಒಂದು ಮಾತು ಮೊದಲು ಹೇಳಿ. ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಸೂಜಿ ಮತ್ತು ಸಲೈನ್ ಆಗ ಜೀವ ಉಳಿಸುತ್ತವೆ.

ಜ್ವರ, ಆಪರೇಶನ್, ಉಪವಾಸ

ಜ್ವರ 100.4 ಡಿಗ್ರಿ ದಾಟಿದರೆ ದೇಹಕ್ಕೆ ಹೆಚ್ಚು ಕಾರ್ಟಿಸೋಲ್ ಬೇಕು, ಅದುಮಿದ ಗ್ರಂಥಿ ಅದನ್ನು ಕೊಡಲಾರದು. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಪ್ರೆಡ್ನಿಸೊಲೋನ್ ನುಂಗುವವರಿಗೆ ಜ್ವರದ ದಿನಗಳಲ್ಲಿ ಸಾಮಾನ್ಯವಾಗಿ ಅದನ್ನು ದುಪ್ಪಟ್ಟು ಮಾಡುತ್ತಾರೆ. 10 ಅಥವಾ ಹೆಚ್ಚು ಇದ್ದವರಿಗೆ ಅಷ್ಟೇ ಸಾಕಾಗುತ್ತದೆ, ಆದರೆ ಒಂದು ದಿನವೂ ತಪ್ಪಬಾರದು. ನಿಮ್ಮ ಪಾಲಿಗೆ ಯಾವುದು ಎಂಬುದನ್ನು ಆರಾಮಿದ್ದಾಗಲೇ ಕೇಳಿ ಬರೆಸಿಕೊಳ್ಳಿ. ವಾಂತಿ-ಭೇದಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಸೂಜಿಯ ರೂಪದಲ್ಲೇ ಬೇಕು, ಅದಕ್ಕೆ ಆಸ್ಪತ್ರೆಗೆ ಹೋಗಿ. ಆಪರೇಶನ್, ಹಲ್ಲು ಕೀಳಿಸುವುದು, ಹೆರಿಗೆ, ಯಾವುದೇ ಇರಲಿ, ಕಳೆದ ಒಂದು ವರ್ಷದ ಸ್ಟೀರಾಯ್ಡ್ ಲೆಕ್ಕ ಅಲ್ಲಿನ ಡಾಕ್ಟರಿಗೆ ತಿಳಿದಿರಬೇಕು. ಗವಿಮಠದ ಜಾತ್ರೆಗೋ ದೂರದ ಮದುವೆಗೋ ಹೊರಟರೆ ಬೇಕಾದ್ದಕ್ಕಿಂತ ನಾಲ್ಕು ದಿನದ ಗುಳಿಗೆ ಹೆಚ್ಚಿಗೆ ಕಟ್ಟಿಕೊಳ್ಳಿ. ಏಕಾದಶಿ, ಶ್ರಾವಣ, ರಂಜಾನ್ ಉಪವಾಸ ಹಿಡಿಯುವವರು ಮೊದಲು ವೈದ್ಯರ ಜೊತೆ ಹೊತ್ತು ಹೊಂದಿಸಿಕೊಳ್ಳಬೇಕು.

ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಎರಡು ವಾರ ನಡೆದವರಿಗೆ, ಬಿಟ್ಟು ಒಂದು ತಿಂಗಳಾಗುವವರೆಗೆ, ಜೀವಂತ ಲಸಿಕೆಗಳು (ದಡಾರ, ಚಿಕನ್‌ಪಾಕ್ಸ್, ಬಾಯಿ ಪೋಲಿಯೊ) ಬೇಡ. ದೀರ್ಘ ಚಿಕಿತ್ಸೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪೊರೆ ಮತ್ತು ಒತ್ತಡದ ಪರೀಕ್ಷೆ ಆಗಲಿ. ತೊಡೆಸಂದಿನಲ್ಲಿ ನೋವು ಹುಟ್ಟಿ ಕುಂಟುವಂತಾದರೆ ಸ್ನಾಯುನೋವೆಂದು ಉಜ್ಜುತ್ತಾ ಕೂರಬೇಡಿ; ತೊಡೆಯೆಲುಬಿನ ತಲೆಗೆ ರಕ್ತ ಹರಿಯುವುದು ನಿಂತಿರಬಹುದು, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣುತ್ತದೆ. ನಿದ್ದೆಗೆಟ್ಟು ಅತಿ ಮಾತು, ಸಿಟ್ಟು, ಇಲ್ಲದ್ದು ಕಂಡಂತೆ ಆಡುವುದು ಶುರುವಾದರೆ ಗಾಳಿ ಹಿಡಿದದ್ದಲ್ಲ, ಔಷಧಿಯದು. ಅದೇ ದಿನ ವೈದ್ಯರಿಗೆ ತಿಳಿಸಿ.

ಇಡುವ ಜಾಗ. ಪಂಪನ್ನು 30 ಡಿಗ್ರಿ ಮೀರದ ಕಡೆ ಇಡಬೇಕು. ಬೈಕಿನ ಡಿಕ್ಕಿ, ಲಾರಿಯ ಡ್ಯಾಶ್‌ಬೋರ್ಡು, ತಗಡಿನ ಮನೆಯ ಗೂಡು ನಮ್ಮ ಬೇಸಿಗೆಯಲ್ಲಿ ಅದಕ್ಕೆ ತಕ್ಕವಲ್ಲ. ನೀರಿನ ಹರವಿ ಇಟ್ಟ ಮೂಲೆಯ ಹತ್ತಿರ, ಒದ್ದೆ ತಾಗದ ಡಬ್ಬಿಯಲ್ಲಿ ಇಡಿ. ಅಂಗಿಯ ಜೇಬಿನಲ್ಲಿ ಒಂದು ಚೀಟಿಯೂ ಇರಲಿ: ಹೆಸರು, ಯಾವ ಸ್ಟೀರಾಯ್ಡ್, ದಿನಕ್ಕೆ ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ, ಯಾವ ರೋಗಕ್ಕೆ, ಮನೆಯವರ ಫೋನ್ ನಂಬರು. ಪ್ರಮಾಣ ಬದಲಾದ ದಿನವೇ ಹಳೆಯ ಚೀಟಿ ಹರಿದು ಹೊಸದನ್ನು ಬರೆಯಿರಿ.